ಒಂದು ಹಡಗಿಗೆ ‘ಪೋಷಕ್’ ಎಂದು ಹೆಸರಿಡಿ: ನೌಕಾಪಡೆಯ ನಾಮಕರಣ ಸಮಿತಿಗೆ ಬಹಿರಂಗ ಪತ್ರ

ಭಾರತೀಯ ನೌಕಾಪಡೆಯ ನಾಮಕರಣ ಸಮಿತಿಯ ಮಾನ್ಯ ಸದಸ್ಯರಿಗೆ ನಮಸ್ಕಾರಗಳು.

ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ನೌಕಾಪಡೆಗಾಗಿ ಐದು ಸರಬರಾಜು ಹಡಗುಗಳನ್ನು, ಅಂದರೆ ನಡುಗಡಲಿನಲ್ಲಿ ಯುದ್ಧನೌಕೆಗಳಿಗೆ ಇಂಧನ, ಸಾಮಾನು ಒದಗಿಸುವ ದೊಡ್ಡ ಟ್ಯಾಂಕರ್‌ಗಳನ್ನು, ಕಟ್ಟುವ ಕೆಲಸ ಹಿಡಿದಿದೆ. 2023ರ ಆಗಸ್ಟ್‌ನಲ್ಲಿ ಸುಮಾರು 19,000 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿತ್ತು. 2024ರ ಏಪ್ರಿಲ್‌ನಲ್ಲಿ ಮೊದಲ ಉಕ್ಕಿನ ಹಾಳೆಯನ್ನು ಕತ್ತರಿಸಿದರು, ಅದೇ ನವೆಂಬರ್‌ನಲ್ಲಿ ಮೊದಲ ಹಡಗಿನ ಕೀಲ್ (ತಳದ ಬೆನ್ನೆಲುಬು) ಇಡುವ ಶಾಸ್ತ್ರ ಮುಗಿಯಿತು. ಒಂದೊಂದು ಹಡಗೂ 44,000 ಟನ್‌ನದು, ಅಂದರೆ ನಮ್ಮ ವಿಮಾನವಾಹಕ ವಿಕ್ರಾಂತ್‌ನ ಸರಿಸಮಕ್ಕೆ ಬರುವಂಥದ್ದು. ಇಷ್ಟು ದೊಡ್ಡ ಹಡಗುಗಳು ಒಂದೇ ಸಾಲಿನಲ್ಲಿ ಐದು ಬರುತ್ತಿರುವಾಗ ಅವುಗಳ ಹೆಸರಿನ ಬಗ್ಗೆ ಸಾರ್ವಜನಿಕರಲ್ಲಿ ಒಬ್ಬನಾದರೂ ತಲೆಹಾಕಬೇಕಲ್ಲ ಎಂದು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಕೋರಿಕೆಯನ್ನು ಸುತ್ತಿಬಳಸದೆ ಮೊದಲಿಗೇ ಹೇಳಿಬಿಡುತ್ತೇನೆ. ಈ ಐದರಲ್ಲಿ ಒಂದಕ್ಕೆ ‘ಪೋಷಕ್’ ಎಂದು ಹೆಸರಿಡಿ.

ಕರ್ನಾಟಕದಿಂದ, ಅದರಲ್ಲೂ ಕಾರವಾರದ ಕಡೆಯಿಂದ ಇಂಥ ಪತ್ರ ಬಂದರೆ ನಮ್ಮ ನದಿಯದೋ ನಮ್ಮ ರಾಜನದೋ ಹೆಸರಿಗಾಗಿ ಅರ್ಜಿ ಹಾಕಿದ್ದಾರೆ ಎಂದು ನೀವು ಊಹಿಸುವುದು ಸಹಜ. ಆ ಬೇಡಿಕೆ ನನ್ನದಲ್ಲ. ನಮಗೆ ಸಂದದ್ದು ಕಡಿಮೆಯೇನಲ್ಲ. 1957ರಲ್ಲಿ ಸೇವೆಗೆ ಸೇರಿದ ಕ್ರೂಸರ್‌ಗೆ ‘ಮೈಸೂರ್’ ಎಂದೇ ಹೆಸರಿತ್ತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ಕಾರವಾರದೆದುರಿನ ಅಂಜದೀಪ ದ್ವೀಪದ ಕಾರ್ಯಾಚರಣೆಯಲ್ಲಿ ಅದು ‘ತ್ರಿಶೂಲ್’ ಜೊತೆ ಇತ್ತು. ಅದು 1985ರಲ್ಲಿ ನಿವೃತ್ತಿಯಾದ ಮೇಲೆ ಹೆಸರು ಸುಮ್ಮನೆ ಕೂರಲಿಲ್ಲ. 1999ರಿಂದ ಒಂದು ಡಿಸ್ಟ್ರಾಯರ್ ಅದನ್ನು ಹೊತ್ತಿದೆ. ಕಾರವಾರದ ನೆಲೆಗೆ 2005ರಲ್ಲಿ ಬನವಾಸಿಯ ಕದಂಬರ ಹೆಸರಿಟ್ಟಿರಿ. ಕೊಚ್ಚಿಯಲ್ಲಿ ಕಟ್ಟಿದ ಜಲಾಂತರ್ಗಾಮಿ ನಿಗ್ರಹದ ಸಣ್ಣ ಹಡಗುಗಳ ಸಾಲಿನಲ್ಲಿ ಮಲ್ಪೆ ಇದೆ, ಮೂಲ್ಕಿ ಇದೆ. ಕರಾವಳಿ ಕಾವಲು ಪಡೆಯ ‘ರಾಣಿ ಅಬ್ಬಕ್ಕ’ ಕಟ್ಟಿದ್ದಂತೂ ಇದೇ ಹಿಂದೂಸ್ತಾನ್ ಶಿಪ್‌ಯಾರ್ಡ್. ಉಳ್ಳಾಲದ ರಾಣಿಯ ಹೆಸರಿನ ಹಡಗು ಅಲ್ಲಿಂದ ನೀರಿಗಿಳಿದಿರುವಾಗ ಪ್ರಾದೇಶಿಕ ಕೊರಗು ಹೇಳಿಕೊಳ್ಳಲು ನನಗೆ ಕಾರಣವಿಲ್ಲ.

ನನ್ನ ತಕರಾರು ಬೇರೆ. ನಮ್ಮ ನೌಕಾಪಡೆ ಹೆಸರಿಡುವುದರಲ್ಲಿ ಬಹಳ ಶಿಸ್ತಿನದು. ಡಿಸ್ಟ್ರಾಯರ್ ಎಂಬ ದೊಡ್ಡ ಯುದ್ಧನೌಕೆಗಳಿಗೆ ನಗರಗಳ ಹೆಸರು: ದೆಹಲಿ, ಕೋಲ್ಕತ್ತ, ಇಂಫಾಲ್, ಸೂರತ್. ಅವುಗಳಿಗಿಂತ ಚಿಕ್ಕ ಫ್ರಿಗೇಟ್‌ಗಳಿಗೆ ಬೆಟ್ಟಸಾಲು, ನದಿ, ಆಯುಧಗಳು: ಸಹ್ಯಾದ್ರಿ, ಬೇಟ್ವಾ, ತಲ್ವಾರ್. ಇನ್ನೂ ಚಿಕ್ಕ ಕಾರ್ವೆಟ್‌ಗಳಿಗೆ ದ್ವೀಪಗಳು: ಕಮೋರ್ತಾ, ಕದ್ಮತ್, ಕವರತ್ತಿ. ಸಮುದ್ರದ ಆಳ ಅಳೆಯುವ ಸರ್ವೆ ಹಡಗುಗಳಿಗೆ ಅವು ಮಾಡುವ ಕೆಲಸವೇ ಹೆಸರು: ನಿರ್ದೇಶಕ್, ಇಕ್ಷಕ್, ಸಂಶೋಧಕ್. ಹೆಸರು ಕೇಳಿದೊಡನೆ ಹಡಗು ಯಾವ ಜಾತಿಯದೆಂದು ತಿಳಿದವರಿಗೆ ಅರ್ಧ ಗೊತ್ತಾಗಿಬಿಡುತ್ತದೆ. ಹಾಗೆಯೇ ಹಳೆಯ ಹಡಗು ಗುಜರಿಗೆ ಹೋದರೂ ಅದರ ಹೆಸರನ್ನು ಹೊಸದಕ್ಕೆ ದಾಟಿಸುವ ಪದ್ಧತಿಯನ್ನು ನೀವು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದೀರಿ. ಈ ಎರಡೂ ಸಂಪ್ರದಾಯಗಳನ್ನು ಮುಂದಿಟ್ಟುಕೊಂಡೇ ಪೋಷಕ್‌ನ ಪರವಾಗಿ ವಾದಿಸುತ್ತೇನೆ.

1971ರ ಡಿಸೆಂಬರ್ 4ರ ರಾತ್ರಿಗೆ ಬನ್ನಿ. ಕರಾಚಿ ಬಂದರಿನ ಮೇಲಿನ ದಾಳಿಗೆ ‘ಆಪರೇಷನ್ ಟ್ರೈಡೆಂಟ್’ ಎಂದು ಹೆಸರಿತ್ತು. ನೌಕಾಪಡೆಯ ದಿನಾಚರಣೆ ನಡೆಯುವುದೇ ಆ ರಾತ್ರಿಯ ನೆನಪಿಗೆ. ನಿಪತ್, ನಿರ್ಘತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕತ್ತಲಲ್ಲಿ ನುಗ್ಗಿ ಪಾಕಿಸ್ತಾನದ ಡಿಸ್ಟ್ರಾಯರ್ ‘ಖೈಬರ್’ ಮತ್ತು ಸಿಡಿಗುಂಡು ತೆಗೆಯುವ ಹಡಗು ‘ಮುಹಾಫಿಜ್’ ಎರಡನ್ನೂ ಮುಳುಗಿಸಿದವು. ಕರಾಚಿ ಬಂದರಿನ ಕೆಮಾರಿಯ ತೈಲ ಟ್ಯಾಂಕುಗಳು ಹೊತ್ತಿ ಉರಿದವು. ನಮ್ಮ ಕಡೆ ಒಂದು ಜೀವವೂ ಹೋಗಲಿಲ್ಲ. ಇದನ್ನು ಪ್ರತಿ ಡಿಸೆಂಬರ್‌ನಲ್ಲಿ ಓದುತ್ತೇವೆ, ಕೇಳುತ್ತೇವೆ, ಮಕ್ಕಳಿಗೆ ಹೇಳುತ್ತೇವೆ.

ಆದರೆ ಆ ದೋಣಿಗಳ ಪಾಡು ಏನಿತ್ತೆಂದು ನೋಡಬೇಕು. ಅವು ಸೋವಿಯತ್ ಒಕ್ಕೂಟ ತನ್ನ ಬಂದರುಗಳನ್ನು ಕಾಯಲೆಂದು ರೂಪಿಸಿದ ದೋಣಿಗಳು. ದಂಡೆ ಬಿಟ್ಟು ಬಹುದೂರ ಹೋಗುವಂಥವಲ್ಲ. ವೇಗವಿತ್ತು, ತಲಾ ನಾಲ್ಕು ಕ್ಷಿಪಣಿಗಳಿದ್ದವು, ಹೊಟ್ಟೆ ಮಾತ್ರ ಚಿಕ್ಕದು. ಕೋಲ್ಕತ್ತದಲ್ಲಿ ಇಳಿಸಿಕೊಂಡ ಮೇಲೆ ಅವುಗಳನ್ನು ಮುಂಬೈಗೆ ಎಳೆದುಕೊಂಡೇ ತರಬೇಕಾಯಿತು. ಇಂಥ ದೋಣಿಗಳನ್ನು ಶತ್ರುವಿನ ಮನೆ ಬಾಗಿಲಿಗೆ ಒಯ್ದು, ಕ್ಷಿಪಣಿ ಹಾರಿಸಿ, ಬೆಳಕು ಹರಿಯುವುದರೊಳಗೆ ವಿಮಾನಗಳ ಕೈಗೆ ಸಿಗದಂತೆ ಮರಳಿ ತರುವುದೆಂದರೆ ಅದು ಮೊದಲಿಗೆ ಇಂಧನದ ಲೆಕ್ಕ, ಆಮೇಲೆ ಯುದ್ಧದ ಲೆಕ್ಕ. ಹಾಗಾಗಿ ದಾಳಿಯ ತಂಡದಲ್ಲಿ ಮೂರು ದೋಣಿಗಳ ಜೊತೆಗೆ ಕಿಲ್ತಾನ್, ಕಛಾಲ್ ಎಂಬ ಎರಡು ದೊಡ್ಡ ಕಾವಲು ಹಡಗುಗಳಿದ್ದವು. ಅವುಗಳ ಜೊತೆ ಒಂದು ಟ್ಯಾಂಕರ್ ಇತ್ತು. ಅದರ ಹೆಸರು ಪೋಷಕ್.

ವರದಿಗಳಲ್ಲಿ ಪೋಷಕ್‌ಗೆ ಸಿಗುವುದು ಅರ್ಧ ಸಾಲು. ‘ಹಾಗೂ ಒಂದು ಟ್ಯಾಂಕರ್’ ಎಂಬಷ್ಟರಲ್ಲಿ ಮುಗಿಸಿಬಿಡುತ್ತಾರೆ. ಈ ದಾಳಿಯಲ್ಲಿ ಎರಡೂ ಕಡೆಯ ನಡುವಿನ ಮುಖ್ಯ ವಸ್ತು ಎಣ್ಣೆಯೇ ಆಗಿತ್ತು ಎಂಬುದನ್ನು ನೆನೆದರೆ ಇದು ವಿಚಿತ್ರವಾಗಿ ಕಾಣುತ್ತದೆ. ನಾವು ಸುಟ್ಟದ್ದು ಕೆಮಾರಿಯಲ್ಲಿ ಶೇಖರಿಸಿಟ್ಟ ಎಣ್ಣೆಯನ್ನು. ನಾಲ್ಕು ದಿನ ಬಿಟ್ಟು ನಡೆದ ‘ಆಪರೇಷನ್ ಪೈಥಾನ್’ನಲ್ಲಿ ‘ವಿನಾಶ್’ ಎಂಬ ನಮ್ಮ ಕ್ಷಿಪಣಿ ದೋಣಿ ಹಾರಿಸಿದ ಕ್ಷಿಪಣಿಗಳಲ್ಲಿ ಒಂದು ಪಾಕಿಸ್ತಾನ ನೌಕಾಪಡೆಯ ಟ್ಯಾಂಕರ್ ‘ಢಾಕಾ’ಕ್ಕೆ ಬಡಿಯಿತು. ಟ್ಯಾಂಕರ್ ಎಂದರೆ ಸಾಮಾನು ಹೊರುವ ಹಡಗು, ಅದಕ್ಕೇನು ಅಪಾಯ ಎನ್ನುವವರು ಢಾಕಾದ ಮೇಲಿದ್ದವರ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಒಡಲ ತುಂಬ ಎಣ್ಣೆ ಇಟ್ಟುಕೊಂಡು ಯುದ್ಧರಂಗದಲ್ಲಿ ನಿಂತಿರುವುದಕ್ಕೆ ಬೇಕಾದ ಎದೆಗಾರಿಕೆ ಕ್ಷಿಪಣಿಯ ಗುಂಡಿ ಒತ್ತುವವನ ಎದೆಗಾರಿಕೆಗಿಂತ ಯಾವ ರೀತಿಯಲ್ಲಿ ಕಡಿಮೆ?

ಇನ್ನು ಹೆಸರು ದಾಟಿಸುವ ವಿಚಾರ. ಟ್ರೈಡೆಂಟ್‌ನ ಮೂರು ಕ್ಷಿಪಣಿ ದೋಣಿಗಳ ಹೆಸರೂ 1980ರ ದಶಕದ ಕೊನೆಯಲ್ಲಿ ಬಂದ ಕ್ಷಿಪಣಿ ಕಾರ್ವೆಟ್‌ಗಳಿಗೆ ಸಿಕ್ಕವು. 1987ರಲ್ಲಿ ವೀರ್, ಅದರ ಹಿಂದೆಯೇ ನಿಪತ್, ನಿರ್ಘತ್. ಕಿಲ್ತಾನ್ 2017ರಲ್ಲಿ ಹೊಸ ಕಾರ್ವೆಟ್ ಆಗಿ ಮರಳಿತು. ಪೋಷಕ್ ಹೆಸರು ಮಾತ್ರ ಸಾಗರ ದಾಟಿ ಹೋಗುವ ಯಾವ ದೊಡ್ಡ ಟ್ಯಾಂಕರ್‌ನ ಮೇಲೂ ಕಾಣಿಸಿಕೊಂಡಿಲ್ಲ.

ದೊಡ್ಡ ಟ್ಯಾಂಕರ್‌ಗಳ ವಂಶಾವಳಿಯನ್ನು ನೋಡಿದರೆ ನಾಲ್ಕೇ ಹೆಸರುಗಳು ಸುತ್ತುತ್ತಿವೆ. 1950ರ ದಶಕದಲ್ಲಿ ಇಟಲಿಯಿಂದ ಕೊಂಡ ಮೊದಲ ಟ್ಯಾಂಕರ್‌ಗೆ ‘ಶಕ್ತಿ’ ಎಂದು ಹೆಸರಿಟ್ಟರು. 1967ರಲ್ಲಿ ಜರ್ಮನಿಯ ಬ್ರೆಮರ್ ವಲ್ಕನ್ ಕಾರ್ಖಾನೆಯಿಂದ ‘ದೀಪಕ್’ ಬಂತು, ಅಲ್ಲಿಂದಲೇ 1976ರಲ್ಲಿ ಎರಡನೆಯ ‘ಶಕ್ತಿ’. 1996ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ‘ಜ್ಯೋತಿ’. ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಕಟ್ಟಿದ ‘ಆದಿತ್ಯ’ 1993ರಲ್ಲಿ ನೀರಿಗಿಳಿದರೂ ಸೇವೆಗೆ ಸೇರಲು 2000ದ ವರೆಗೆ ಕಾಯಬೇಕಾಯಿತು. 2011ರಲ್ಲಿ ಇಟಲಿಯ ಫಿನ್‌ಕಾಂತಿಯೇರಿ ಕಟ್ಟಿದ ಎರಡು ಹಡಗುಗಳು ಬಂದವು: ಮುಂಬೈಯಲ್ಲಿ ಸೇವೆಗೆ ಸೇರಿದ್ದಕ್ಕೆ ‘ದೀಪಕ್’, ವಿಶಾಖಪಟ್ಟಣದಲ್ಲಿ ಸೇರಿದ್ದಕ್ಕೆ ‘ಶಕ್ತಿ’. ಬೆಳಕು, ಸೂರ್ಯ, ಶಕ್ತಿ. ಇಂಧನ ಹೊರುವ ಹಡಗಿಗೆ ಇಂಥ ಹೆಸರು ಒಪ್ಪುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೂ ದೀಪಕ್, ಜ್ಯೋತಿ, ಆದಿತ್ಯ ಎಂದು ಒಟ್ಟಿಗೆ ಓದಿದರೆ ಶಾಲೆಯ ಹಾಜರಿ ಪುಸ್ತಕದ ಪುಟದಂತೆ ಕಾಣುತ್ತದೆ ಎಂಬ ಗುಮಾನಿ ನನಗಂತೂ ಹೋಗಿಲ್ಲ.

ಈ ಹಡಗುಗಳು ಮಾಡುವ ಕೆಲಸ ದಡದಲ್ಲಿರುವ ನಮ್ಮಂಥವರಿಗೆ ಕಾಣುವುದಿಲ್ಲ. ನಡುಗಡಲಿನಲ್ಲಿ ಟ್ಯಾಂಕರ್ ಒಂದೇ ದಿಕ್ಕು, ಒಂದೇ ವೇಗ ಹಿಡಿದು ಸಾಗುತ್ತಿರುತ್ತದೆ. ಯುದ್ಧನೌಕೆ ಹಿಂದಿನಿಂದ ಬಂದು ಅದರ ಪಕ್ಕಕ್ಕೆ ಸೇರಿಕೊಳ್ಳುತ್ತದೆ. ನಡುವೆ ಉಳಿಯುವುದು ನಲವತ್ತು ಐವತ್ತು ಮೀಟರ್ ನೀರು. ಒಂದು ಹಡಗಿನಿಂದ ಬಂದೂಕಿನಲ್ಲಿ ಸಣ್ಣ ಹುರಿಯನ್ನು ಇನ್ನೊಂದರತ್ತ ಹಾರಿಸುತ್ತಾರೆ. ಆ ಹುರಿಯ ತುದಿಗೆ ದಪ್ಪ ಹಗ್ಗ, ಅದರ ತುದಿಗೆ ಉಕ್ಕಿನ ತಂತಿ. ಕೊನೆಗೆ ಆ ತಂತಿಯ ಮೇಲೆ ಜಾರುತ್ತ ಕಪ್ಪು ಕೊಳವೆ ಬರುತ್ತದೆ. ಕೊಳವೆಯ ಮೂತಿ ಎದುರಿನ ಬಾಯಿಗೆ ಕಚ್ಚಿಕೊಂಡ ಮೇಲೆ ಪಂಪು ಶುರು. ಎರಡು ಹಡಗುಗಳ ನಡುವೆ ಬಣ್ಣಬಣ್ಣದ ಬಾವುಟಗಳನ್ನು ಕಟ್ಟಿದ ಇನ್ನೊಂದು ಹಗ್ಗವಿರುತ್ತದೆ. ಅಂತರ ಎಷ್ಟಿದೆ ಎಂದು ಚುಕ್ಕಾಣಿಯ ಬಳಿ ನಿಂತವರು ಓದಿಕೊಳ್ಳುವುದು ಅದನ್ನು ನೋಡಿ. ಅಕ್ಕಪಕ್ಕ ಓಡುವ ಎರಡು ದೊಡ್ಡ ಒಡಲುಗಳ ನಡುವೆ ನೀರು ರಭಸವಾಗಿ ಹರಿದು ಒತ್ತಡ ಕುಸಿಯುತ್ತದೆ, ಹಡಗುಗಳು ಒಂದನ್ನೊಂದು ಎಳೆಯತೊಡಗುತ್ತವೆ. ಚುಕ್ಕಾಣಿ ಒಂದೆರಡು ಡಿಗ್ರಿ ತಪ್ಪಿದರೂ ಉಕ್ಕಿಗೆ ಉಕ್ಕು ತಾಗೀತು. ಗಂಡಾಂತರ ಕಂಡರೆ ಕೊಳವೆ ಬಿಡಿಸಿ, ತಂತಿ ಕಳಚಿ ಕ್ಷಣಗಳಲ್ಲಿ ದೂರ ಸರಿಯಬೇಕು. ಅದಕ್ಕೂ ಬೇರೆಯೇ ಕವಾಯತು ಇದೆ. ನಾವಿಕರು ಇದೆಲ್ಲವನ್ನೂ ಸೇರಿಸಿ ‘ರಾಸ್’ (‘ರೆಪ್ಲೆನಿಶ್‌ಮೆಂಟ್ ಅಟ್ ಸೀ’ ಎಂಬುದರ ಸಂಕ್ಷೇಪ) ಎಂದು ಎರಡಕ್ಷರದಲ್ಲಿ ಹೇಳಿ ಮುಗಿಸುತ್ತಾರೆ. ಮಳೆಗಾಲದ ಅರಬ್ಬೀ ಸಮುದ್ರದಲ್ಲಿ, ಅದೂ ರಾತ್ರಿ, ದೀಪ ಆರಿಸಿ ಇದನ್ನು ಮಾಡುವುದೆಂದರೆ ಏನೆಂದು ಅಂಥ ಅಲೆಗಳನ್ನು ದಡದಿಂದಷ್ಟೇ ನೋಡಿರುವ ನಾವೂ ಸ್ವಲ್ಪ ಊಹಿಸಬಲ್ಲೆವು.

ಈಗಿನ ದೀಪಕ್ ಗಂಟೆಗೆ 1,500 ಟನ್ ಇಂಧನ ಹಾಯಿಸಬಲ್ಲದು. ಅದು ಹೊರುವುದು ಬರಿಯ ಡೀಸೆಲ್ ಅಲ್ಲ. ವಿಮಾನಗಳ ಇಂಧನ, ಕುಡಿಯುವ ನೀರು, ಮದ್ದುಗುಂಡು, ಬಿಡಿಭಾಗ, ಅಕ್ಕಿ ಬೇಳೆ ತರಕಾರಿ, ಎಲ್ಲವೂ ಉಂಟು. ಕೊಳವೆಯಲ್ಲಿ ಹೋಗದ್ದನ್ನು ಹೆಲಿಕಾಪ್ಟರ್ ಬಲೆಯಲ್ಲಿ ತೂಗಿಸಿಕೊಂಡು ಒಯ್ಯುತ್ತದೆ. ಸರಬರಾಜು ಹಡಗು ಜೊತೆಗಿಲ್ಲದ ಯುದ್ಧನೌಕೆ ಕೆಲವು ದಿನಗಳಲ್ಲಿ ಯಾವುದಾದರೂ ಬಂದರಿನ ಕಡೆ ಮುಖ ಮಾಡಲೇಬೇಕು. ಆ ಬಂದರು ಯಾರದು, ಆ ಹೊತ್ತಿಗೆ ಅವರ ಮನಸ್ಸು ಹೇಗಿದೆ ಎಂಬುದರ ಮೇಲೆ ನಮ್ಮ ನೌಕಾಪಡೆಯ ಕೈ ಎಷ್ಟು ದೂರ ಚಾಚುತ್ತದೆ ಎಂಬುದು ನಿಂತುಬಿಡುತ್ತದೆ.

ಶಾಂತಿಕಾಲದ ಲೆಕ್ಕವೂ ಇದೆ. 2006ರ ಜುಲೈಯಲ್ಲಿ ಲೆಬನಾನ್‌ನಲ್ಲಿ ಯುದ್ಧ ಶುರುವಾದಾಗ ಬೈರೂತ್‌ನಿಂದ ಸೈಪ್ರಸ್‌ಗೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನಮ್ಮ ನೌಕಾಪಡೆ ಕರೆತಂದಿತು. ಭಾರತೀಯರಷ್ಟೇ ಅಲ್ಲ, ಶ್ರೀಲಂಕಾದವರೂ ನೇಪಾಳದವರೂ ಅವರಲ್ಲಿದ್ದರು. ಮುಂಬೈ, ಬೇಟ್ವಾ, ಬ್ರಹ್ಮಪುತ್ರ ನೌಕೆಗಳ ಹೆಸರು ಆಗ ಪತ್ರಿಕೆಗಳಲ್ಲಿ ರಾರಾಜಿಸಿದವು. ತಂಡದ ನಾಲ್ಕನೆಯ ಹಡಗು ಟ್ಯಾಂಕರ್ ‘ಶಕ್ತಿ’. 2014ರಲ್ಲಿ, ಕಾಕತಾಳೀಯವಾಗಿ ಡಿಸೆಂಬರ್ 4ರಂದೇ, ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ನೀರು ಶುದ್ಧೀಕರಿಸುವ ಸ್ಥಾವರಕ್ಕೆ ಬೆಂಕಿ ಬಿದ್ದು ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿಗಳು ಒಣಗಿದವು. ಹೊಳೆಯಿಲ್ಲದ ಊರು ಅದು. ಮೊದಲು ‘ಸುಕನ್ಯಾ’ ಅಲ್ಲಿಗೆ ತಲುಪಿತು. ಹಿಂದೆಯೇ ‘ದೀಪಕ್’ ಸುಮಾರು ಸಾವಿರ ಟನ್ ಸಿಹಿನೀರು ಹೊತ್ತು ಹೋಯಿತು. ಕಡಲ ನೀರನ್ನು ಸಿಹಿ ಮಾಡುವ ಯಂತ್ರವೂ ಅದರೊಳಗಿತ್ತು. ಆ ಹಡಗಿಗೆ ಪೋಷಕ್ ಎಂಬ ಹೆಸರಿದ್ದಿದ್ದರೆ ಮಾಲೆಯ ಜನರಿಗೆ ಯಾರೂ ವಿವರಣೆ ಕೊಡಬೇಕಿರಲಿಲ್ಲ.

ಸರಬರಾಜು ಹಡಗಿಗೆ ವ್ಯಕ್ತಿಗಳ ಹೆಸರಿಡಿ ಎಂಬ ಒತ್ತಾಯ ನಿಮ್ಮ ಮೇಲೆ ಬರಬಹುದು. ಎಷ್ಟೋ ದೇಶಗಳಲ್ಲಿ ಆ ರೂಢಿಯಿದೆ. ಅದರ ಫಲವನ್ನು ಅಮೆರಿಕದಲ್ಲಿ ನೋಡಿ. ಅಲ್ಲಿನ ಹೊಸ ಟ್ಯಾಂಕರ್‌ಗಳ ಸಾಲಿಗೆ ನಾಗರಿಕ ಹಕ್ಕುಗಳಿಗಾಗಿ ಹೋರಾಡಿದವರ ಹೆಸರುಗಳನ್ನು ಆರಿಸಿದರು. ಮೊದಲ ಹಡಗು ಜಾನ್ ಲೂಯಿಸ್. ಇನ್ನೊಂದಕ್ಕೆ 2016ರಲ್ಲಿ ಹಾರ್ವೆ ಮಿಲ್ಕ್ ಹೆಸರು ಘೋಷಿಸಿ 2021ರಲ್ಲಿ ನೀರಿಗಿಳಿಸಿದರು. ಮಿಲ್ಕ್ ತಾನು ಸಲಿಂಗಕಾಮಿ ಎಂದು ಬಹಿರಂಗವಾಗಿ ಹೇಳಿಕೊಂಡು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚುನಾವಣೆ ಗೆದ್ದವರು, 1978ರಲ್ಲಿ ಗುಂಡಿಗೆ ಬಲಿಯಾದವರು, ಯೌವನದಲ್ಲಿ ನೌಕಾಪಡೆಯಲ್ಲಿ ದುಡಿದವರು. ಸರ್ಕಾರ ಬದಲಾಯಿತು. 2025ರ ಜೂನ್‌ನಲ್ಲಿ ಆ ಹೆಸರನ್ನು ಕಿತ್ತು ಆಸ್ಕರ್ ಪೀಟರ್ಸನ್ ಎಂದು ಬದಲಿಸುವುದಾಗಿ ರಕ್ಷಣಾ ಕಾರ್ಯದರ್ಶಿ ಘೋಷಿಸಿದರು.

ಪೀಟರ್ಸನ್ ಅವರ ಯೋಗ್ಯತೆಯ ಬಗ್ಗೆ ಯಾರೂ ಬೆರಳೆತ್ತಲಾರರು. 1942ರ ಮೇ 7ರಂದು ಕೋರಲ್ ಸಮುದ್ರದಲ್ಲಿ ‘ನಿಯೋಶೋ’ ಎಂಬ ಅಮೆರಿಕದ ಟ್ಯಾಂಕರ್ ಅನ್ನು ಜಪಾನಿನ ಶೋಧ ವಿಮಾನಗಳು ವಿಮಾನವಾಹಕವೆಂದೇ ತಪ್ಪಾಗಿ ವರದಿ ಮಾಡಿದವು, ಹುಡುಕಿ ಬಂದ ವೈಮಾನಿಕರು ಅದರ ಮೇಲೆ ಬಾಂಬುಗಳ ಸುರಿಮಳೆಗೈದರು. ಮೈಯೆಲ್ಲ ಸುಟ್ಟಿದ್ದರೂ ಪೀಟರ್ಸನ್ ಉಗಿಯ ಕವಾಟಗಳನ್ನು ತಮ್ಮ ಕೈಯಾರೆ ಮುಚ್ಚಿದರು. ಕೆಲವೇ ದಿನಗಳಲ್ಲಿ ತೀರಿಕೊಂಡರು, ಮರಣೋತ್ತರವಾಗಿ ಅಲ್ಲಿನ ಅತ್ಯುನ್ನತ ಶೌರ್ಯ ಪದಕ ಬಂತು. ಟ್ಯಾಂಕರ್ ಒಂದಕ್ಕೆ ಇಡಲು ಇದಕ್ಕಿಂತ ತಕ್ಕ ಹೆಸರು ಸಿಗುವುದು ಕಷ್ಟ. ಅದನ್ನು ಬೇರೊಂದು ಹೊಸ ಹಡಗಿಗೆ ಇಡಬಹುದಿತ್ತು. ಇನ್ನೊಬ್ಬರ ಫಲಕ ಕಿತ್ತ ಜಾಗದಲ್ಲಿ ಕೂರಿಸಿದ್ದರಿಂದ ಇಬ್ಬರಿಗೂ ಅಪಚಾರವಾಯಿತು ಎಂದೇ ನನ್ನ ಅಭಿಪ್ರಾಯ. ಹಡಗು ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಅಷ್ಟರಲ್ಲಿ ಎಷ್ಟು ಸರ್ಕಾರಗಳು ಬಂದು ಹೋಗುತ್ತವೋ! ನಮ್ಮ ದೇಶದಲ್ಲಿ ರಸ್ತೆ, ರೈಲು ನಿಲ್ದಾಣ, ಊರುಗಳ ಹೆಸರುಗಳಿಗೆ ಆಗಿರುವುದನ್ನು ಕಂಡವರು ಹಡಗುಗಳನ್ನಾದರೂ ಆ ಜಗ್ಗಾಟದಿಂದ ಹೊರಗಿಡಿ ಎಂದು ಕೇಳಿಕೊಂಡರೆ ಅತಿಯಾಸೆಯಲ್ಲ.

ಪೋಷಕ್ ಹೆಸರಿಗೆ ಬರಬಹುದಾದ ಆಕ್ಷೇಪಗಳನ್ನೂ ಯೋಚಿಸಿದ್ದೇನೆ. ಮೃದುವಾಯಿತು, ಯುದ್ಧದ ಗಾಂಭೀರ್ಯವಿಲ್ಲ ಎನ್ನಬಹುದು. ಸರ್ವೆ ಹಡಗಿಗೆ ಸಂಶೋಧಕ್ ಎಂದಿಟ್ಟಾಗ ಯಾರ ಗಾಂಭೀರ್ಯಕ್ಕೂ ಕುಂದು ಬರಲಿಲ್ಲ. ಹಿಂದಿಯವರು ಅದನ್ನು ಉಡುಪು ಎಂದು ಓದಿ ನಗುತ್ತಾರೆ ಎನ್ನಬಹುದು. ನಗಲಿ; ನಮ್ಮಲ್ಲೂ ಅಂಕಪಟ್ಟಿಯ ಮೇಲಿನ ‘ಪೋಷಕರ ಸಹಿ’ಯನ್ನು ನೆನೆದು ನಗುವವರಿದ್ದಾರೆ, ಹಡಗಿಗೇನೂ ಆಗುವುದಿಲ್ಲ. ಚಿಕ್ಕ ಟ್ಯಾಂಕರ್‌ನ ಹೆಸರನ್ನು 44,000 ಟನ್ ಹಡಗಿಗೆ ಇಡುವುದೇ ಎನ್ನುವವರಿಗೆ ಕಿಲ್ತಾನ್, ವೀರ್ ಎರಡನ್ನೂ ತೋರಿಸಿ. ಹಳೆಯವು ಹೊಸವಕ್ಕಿಂತ ಎಷ್ಟು ಚಿಕ್ಕವಿದ್ದವೆಂದು ನಿಮ್ಮ ದಾಖಲೆಗಳೇ ಹೇಳುತ್ತವೆ.

ನಿಜವಾದ ತೊಡಕು ಒಂದೇ. ಜ್ಯೋತಿ ಮತ್ತು ಆದಿತ್ಯ ವಯಸ್ಸಾಗುತ್ತಿರುವ ಹಡಗುಗಳು. ಹೆಸರು ದಾಟಿಸುವ ಪದ್ಧತಿಯಂತೆ ಅವೆರಡೂ ಹೊಸ ಐದರಲ್ಲಿ ತಮ್ಮ ಪಾಲು ಕೇಳುತ್ತವೆ. ಕೊಡಿ, ಅದು ನ್ಯಾಯವೇ. ಅಷ್ಟಾದರೂ ಮೂರು ಉಳಿಯುತ್ತವೆ. ಅವುಗಳಲ್ಲಿ ಒಂದನ್ನು ಕೇಳುತ್ತಿದ್ದೇನೆ.

ಹೆಸರು ಇಟ್ಟ ಮೇಲೆ ಇನ್ನೆರಡು ಸಣ್ಣ ಕೆಲಸಗಳಿವೆ. ಹಡಗಿನ ಲಾಂಛನ ಬಿಡಿಸುವಾಗ 1971ನ್ನು ಮರೆಯಬೇಡಿ. ಹೊಸ ನಾವಿಕರಿಗೆ ಕೊಡುವ ಹಡಗಿನ ಪರಿಚಯ ಪುಸ್ತಿಕೆಯಲ್ಲಿ ಹಳೆಯ ಪೋಷಕ್‌ನ ಪುಟ ಮೊದಲು ಬರಲಿ. ಎರಡನೆಯದು ನಮ್ಮೂರಿಗೆ ಸಂಬಂಧಿಸಿದ್ದು. ಕಾರವಾರದ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ನಿವೃತ್ತ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದೀರಿ. ಟ್ರೈಡೆಂಟ್‌ನಲ್ಲಿ ಹೋದ ದೋಣಿಗಳ ತಮ್ಮನ ಸಾಲಿಗೆ ಸೇರಿದ್ದು ಅದು. ಪ್ರವಾಸಕ್ಕೆ ಬಂದ ಶಾಲಾ ಮಕ್ಕಳು ಕ್ಷಿಪಣಿಯ ಗೂಡುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಇಷ್ಟು ಪುಟ್ಟ ದೋಣಿ ಕರಾಚಿಗೆ ಹೇಗೆ ಹೋಯಿತು ಎಂದು ಮಾರ್ಗದರ್ಶಿಯನ್ನು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿ ಅಲ್ಲೊಂದು ಫಲಕ ಬೇಕು. ಅದರ ಮೇಲೆ ಕಿಲ್ತಾನ್, ಕಛಾಲ್ ಜೊತೆಗೆ ಪೋಷಕ್ ಹೆಸರೂ ಕನ್ನಡದಲ್ಲಿ ಇರಲಿ. ಇದಕ್ಕೆ ಹೊಸ ಹಡಗು ಬರುವ ತನಕ ಕಾಯಬೇಕಾಗಿಲ್ಲ, 19,000 ಕೋಟಿಯೂ ಬೇಡ.

ಕಛಾಲ್ ಹೆಸರಿನ ಬಗ್ಗೆಯೂ ಹೇಳುವುದಿದೆ. ಮುಂದಿನ ಕಾರ್ವೆಟ್‌ಗಳ ಹೆಸರು ನಿಮ್ಮ ಮೇಜಿಗೆ ಬರುವ ಹೊತ್ತಿಗೆ ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ಇಂತು ನಿಮ್ಮ ವಿಶ್ವಾಸಿ,
ಉತ್ತರ ಕನ್ನಡದ ಕಡಲ ದಂಡೆಯ ಒಬ್ಬ ನಾಗರಿಕ